ಚಳಿಗೆ ಮುಂಚೆ ಮಾಡಬೇಕಾದ ಕೆಲಸ

ಉಪ್ಶಿ, ಲದಾಖ್
೯ ಅಕ್ಟೋಬರ್ ೧೯೯೩

ಅಚೋ ಬಾಕಿರ್ ಅವರಿಗೆ ಗುರ್ಮೆತ್ ಪಾಲ್ಜೋರ್ ಮಾಡುವ ಜೂಲೆ.

ನನ್ನ ಕೈಬರಹ ನೋಡಿ ನಿಮಗೆ ಈ ಕಾಗದ ಬಿಸಾಕುವ ಮನಸ್ಸಾಗಬಹುದು. ಬಿಸಾಕುವುದಾದರೂ ಓದಿ ಬಿಸಾಕಿ. ಇದು ಕೆಲಸದ ವಿಷಯ.

ನಾಲ್ಕು ಚಳಿಗಾಲದಿಂದ ನನ್ನ ಲಾರಿ ನವೆಂಬರ್‌ನಲ್ಲಿ ಮಲಗಿದರೆ ಏಪ್ರಿಲ್‌ಗೇ ಏಳುವುದು. ಈ ವರ್ಷ ಹಾಗೆ ಮಲಗಿಸುವಂತಿಲ್ಲ. ಚಾಂಗ್‌ಥಾಂಗ್ ಕಡೆ ಸೆಪ್ಟೆಂಬರ್‌ನಲ್ಲೇ ಹಿಮ ಬಿದ್ದು ಹುಲ್ಲು ಮುಚ್ಚಿಹೋಯಿತು. ಆಡುಗಳು ಸೊರಗಿಕೊಂಡೇ ಚಳಿಗಾಲಕ್ಕೆ ಕಾಲಿಟ್ಟಿವೆ. ಜನವರಿಯಲ್ಲಿ ಇನ್ನೊಂದು ಸಲ ಜೋರಾಗಿ ಬಿದ್ದರೆ ಲೇಹ್‌ನಿಂದ ಮೇವು ಹೊತ್ತು ಸುಮ್ದೊವರೆಗೆ ಹೋಗಬೇಕು. ಕುರಿಗಾಹಿಗಳ ಸಂಘದವರು ಬಂದು, "ಲಾರಿ ಸಿದ್ಧ ಇಟ್ಕೊಂಡಿರ್ತೀಯಾ?" ಎಂದರು. ಉಳಿದವರ ಲಾರಿಗಳೆಲ್ಲ ಕಣಿವೆ ಮುಚ್ಚುವ ಮೊದಲೇ ಬಯಲುಸೀಮೆಗೆ ಇಳಿದುಬಿಟ್ಟಿವೆ. ನಾನು ಹೂಂ ಎಂದೆ.

ಹೂಂ ಎಂದದ್ದಕ್ಕೆ ಕಾರಣವಿದೆ. ಮಗಳು ಯಾಂಗ್ಡೋಲ್‌ಳನ್ನು ಜೂನ್‌ನಲ್ಲಿ ಸುಮ್ದೊ ಕಡೆಯ ಆಡಿನವರ ಮನೆಗೆ ಕೊಟ್ಟೆವು. ನಿಮಗೆ ಹೇಳಿಕಳಿಸಲಿಲ್ಲ. ಡೇರೆಯಲ್ಲಿ ಅವಳಿಗೆ ಇದು ಮೊದಲ ಚಳಿಗಾಲ.

ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ ನನಗೆ ಅದನ್ನು ಚಳಿಗೆ ಸಿದ್ಧ ಮಾಡಲು ಬರುವುದಿಲ್ಲ ಎಂದರೆ ಊರು ನಗುತ್ತದೆ. ಯಾರಿಗೂ ಹೇಳಿಲ್ಲ. ಅಕ್ಟೋಬರ್‌ನಲ್ಲಿ ನೀವು ಮೂರು ದಿನ ಲಾರಿ ಕೆಳಗೆ ಮಲಗಿರುತ್ತಿದ್ದಿರಿ. ನಾನು ಬಿಸಿಲಲ್ಲಿ ಕೂತು ಟೀ ಕುಡಿಯುತ್ತ ನಿಮ್ಮ ಕಾಲುಗಳ ಜೊತೆ ಮಾತಾಡುತ್ತಿದ್ದೆ. ಹನ್ನೆರಡು ವರ್ಷ ಹಾಗೇ ನಡೆಯಿತು. ಆ ಮೂರು ದಿನ ನೀವು ಅಲ್ಲಿ ಏನು ಮಾಡುತ್ತಿದ್ದಿರಿ ಅಚೋ? ಅದನ್ನಷ್ಟು ಬರೆಯಿರಿ.

ನಿಮ್ಮ,
ಗುರ್ಮೆತ್

~

ಬಾರೂ, ಕಾರ್ಗಿಲ್
೨೪ ಅಕ್ಟೋಬರ್

ಗುರ್ಮೆತ್ ಪಾಲ್ಜೋರ್ ಅವರಿಗೆ,

ಕಾಗದ ತಲುಪಿತು. ನೀವು ಕೇಳಿದ್ದು ಕೆಲಸದ ವಿಷಯ, ನಾನು ಬರೆಯುವುದೂ ಅಷ್ಟೇ.

ಮೊದಲು ಡೀಸೆಲ್ ಟ್ಯಾಂಕಿನ ತಳದ ಬೋಲ್ಟ್ ಬಿಚ್ಚಿ, ನಿಂತ ನೀರು ಮತ್ತು ಕೆಸರು ಬಿಡಿ. ಬಿಸಿಲಿರುವಾಗ ಮಾಡಿ, ಇಲ್ಲವಾದರೆ ನೀರು ಮಂಜುಗಡ್ಡೆಯಾಗಿ ಒಳಗೇ ಉಳಿಯುತ್ತದೆ. ಡೀಸೆಲ್ ಫಿಲ್ಟರ್ ಹೊಸದು ಹಾಕಿ, ಒಂದು ಜೇಬಿನಲ್ಲೂ ಇರಲಿ. ಬೇಸಿಗೆಯ ಎಂಜಿನ್ ಆಯಿಲ್ ತೆಗೆದು ತೆಳುವಾದದ್ದು ತುಂಬಿಸಿ. ತೀರಾ ಚಳಿಯಿದ್ದಾಗ ಎಂಜಿನ್ ನಿಲ್ಲಿಸಿದ ಕೂಡಲೇ ಆ ಆಯಿಲನ್ನು ಡಬ್ಬಿಗೆ ಇಳಿಸಿಕೊಂಡು ಮನೆಯೊಳಗೆ ಬುಖಾರಿ ಒಲೆಯ ಹತ್ತಿರ ಇಡಿ. ಬೆಳಿಗ್ಗೆ ಬೆಚ್ಚಗಿರುವಾಗಲೇ ಹಾಕಿ. ಬ್ಯಾಟರಿ ಎರಡನ್ನೂ ಒಳಗೆ ತನ್ನಿ. ರೇಡಿಯೇಟರ್ ನೀರು ಪ್ರತಿದಿನ ಖಾಲಿ ಮಾಡಬೇಕು. ಅದಕ್ಕೆ ಎರಡು ನಲ್ಲಿ ಇವೆ.

ಬೆಳಿಗ್ಗೆ ಆಯಿಲ್ ಚೇಂಬರ್ ಕೆಳಗೆ ತಗಡಿನ ತಟ್ಟೆಯಲ್ಲಿ ಬೆರಣಿಯ ಕೆಂಡ ಇಡಿ. ಉರಿ ಬೇಡ, ಕೆಂಡ ಮಾತ್ರ. ಅರ್ಧ ಗಂಟೆ ಬಿಟ್ಟು ರೇಡಿಯೇಟರ್‌ಗೆ ಬೆಚ್ಚಗಿನ ನೀರು ಹಾಕಿ. ಕುದಿಯುವ ನೀರು ಹಾಕಿದರೆ ಆ ಚಳಿಗೆ ಕಬ್ಬಿಣ ಸೀಳುತ್ತದೆ, ಆಮೇಲೆ ಲಾರಿಯನ್ನು ತೂಕಕ್ಕೆ ಮಾರಬಹುದು. ಕೈ ಅದ್ದಿ ಹತ್ತು ಎಣಿಸುವಷ್ಟು ಹೊತ್ತು ತಡೆಯುವಂತಿದ್ದರೆ ಅದೇ ಸರಿಯಾದ ಬಿಸಿ.

ಲಾರಿಯನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಂಡುಬಿಡುತ್ತದೆ. ಗಾಲಿಗೆ ಕಲ್ಲು ಕೊಡಿ, ಗಾಲಿ ಕೆಳಗೆ ಹಲಗೆ ಹಾಕಿ.

ಯಾಂಗ್ಡೋಲ್ ಮದುವೆಯಾದದ್ದು ತಿಳಿಯಿತು.

ಮೊಹಮ್ಮದ್ ಬಾಕಿರ್
ಮೆಕ್ಯಾನಿಕ್

~

ಉಪ್ಶಿ
೧೫ ನವೆಂಬರ್

ಅಚೋ ಬಾಕಿರ್ ಅವರಿಗೆ,

ನಾನು ಈಗಲೂ ಅಣ್ಣನೆಂದು 'ಅಚೋ' ಎನ್ನುತ್ತೇನೆ, ತಮ್ಮನೆಂದು 'ನೋನೊ' ಎನ್ನುತ್ತಿದ್ದ ನೀವು ನನಗೆ 'ನೀವು' ಎಂದು ಬರೆದಿದ್ದೀರಿ. ಓದುವಾಗ ಆ ಕಾಗದ ಬೇರೆ ಯಾರಿಗೋ ಬಂದದ್ದು ಅನ್ನಿಸಿತು. ಆದರೂ ಬರೆದಿರಲ್ಲ, ಅಷ್ಟೇ ಸಾಕು.

ಹೇಳಿದ್ದೆಲ್ಲ ಮಾಡಿದ್ದೇನೆ. ಟ್ಯಾಂಕಿನಿಂದ ಮೂರು ಲೋಟ ಕಪ್ಪು ನೀರು ಬಂತು. ಆಯಿಲ್ ಬದಲಾಯಿಸಿದೆ. ಬ್ಯಾಟರಿ ತಂದು ಹಾಸಿಗೆಯ ಪಕ್ಕ ಇಟ್ಟಾಗ ಛೋರೊಲ್ ಮೂಗು ಮುಚ್ಚಿಕೊಂಡು, "ಆ ಎರಡನ್ನೂ ತಬ್ಕೊಂಡೇ ಮಲಗು, ನಾನು ಅಡುಗೆಮನೆಗೆ ಹೋಗ್ತೀನಿ" ಎಂದಳು. ಹೋದಳು ಕೂಡ. ಈಗ ಬ್ಯಾಟರಿ ಅಡುಗೆಮನೆಯಲ್ಲಿವೆ, ಅವಳು ವಾಪಸ್ ಬಂದಿದ್ದಾಳೆ.

ಒಂದು ತಪ್ಪು ಮಾಡಿದೆ. ನೀವು ಎರಡು ನಲ್ಲಿ ಎಂದು ಬರೆದಿದ್ದಿರಿ. ನಾನು ರೇಡಿಯೇಟರ್ ತಳದ್ದನ್ನು ಬಿಟ್ಟು, ಇನ್ನೊಂದು ಎಲ್ಲೋ ಇರಬಹುದು ಅಂದುಕೊಂಡು ಸುಮ್ಮನಾದೆ. ಮೂರನೇ ದಿನ ಎಂಜಿನ್ ಪಕ್ಕೆಯಲ್ಲಿ ಅದು ಸಿಕ್ಕಿತು. ತಿರುಗಿಸಿದರೆ ನೀರು ಬರಲಿಲ್ಲ. ಒಳಗೆ ಹೆಪ್ಪುಗಟ್ಟಿತ್ತೋ, ತುಕ್ಕು ಕಟ್ಟಿತ್ತೋ ತಿಳಿಯಲಿಲ್ಲ. ಆ ಇಡೀ ಮಧ್ಯಾಹ್ನ ನಾನು ಎಂಜಿನ್ ಮೇಲೆ ಕೈಯಿಟ್ಟು ಎಲ್ಲಿ ಬಿರುಕಿದೆ ಎಂದು ತಡವುತ್ತ ಕೂತಿದ್ದೆ. ತಂತಿ ಚುಚ್ಚಿದ ಮೇಲೆ ಕೆಂಪು ನೀರು ಬಂತು. ಬಿರುಕು ಕಾಣಲಿಲ್ಲ. ಇದೆಯೋ ಏನೋ.

ಲಾರಿ ಸ್ಟಾರ್ಟ್ ಆಗುತ್ತಿದೆ. ಆದರೆ ಇದು ನವೆಂಬರ್ ಚಳಿ, ಮಕ್ಕಳಾಟದ್ದು. ಕೀ ತಿರುಗಿಸುವ ಮುಂಚೆ ಪ್ರತಿದಿನ ಇಳಿದು ಬಾನೆಟ್ ಇನ್ನೊಮ್ಮೆ ಎತ್ತಿ ನೋಡುತ್ತೇನೆ. ನೀವೂ ಹಾಗೆ ಮಾಡುತ್ತಿದ್ದಿರೇ?

ಅತ್ತಿಗೆ, ಅಚೆ ರುಕಿಯಾ ಹೇಗಿದ್ದಾರೆ? ಛೋರೊಲ್ ಕೇಳಲು ಹೇಳಿದಳು. ಅವಳು ಹೇಳದಿದ್ದರೂ ಕೇಳುತ್ತಿದ್ದೆ.

ನಿಮ್ಮ,
ಗುರ್ಮೆತ್

~

ಕಾರ್ಗಿಲ್
೧ ಡಿಸೆಂಬರ್

ಗುರ್ಮೆತ್ ಪಾಲ್ಜೋರ್ ಅವರಿಗೆ,

ಬಿರುಕು ಬಿಟ್ಟಿದ್ದರೆ ಆಯಿಲ್‌ಗೆ ನೀರು ಸೇರಿ ಹಾಲಿನ ಬಣ್ಣ ಬರುತ್ತದೆ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ. ಕಪ್ಪಗೇ ಇದ್ದರೆ ನಿಮ್ಮ ಅದೃಷ್ಟ. ಇನ್ನು ಮೇಲೆ ಎರಡೂ ನಲ್ಲಿಗೆ ತಂತಿ ಚುಚ್ಚಿ ನೋಡಿಯೇ ಮನೆಯೊಳಗೆ ಹೋಗಿ. ಬ್ರೇಕಿನ ಗಾಳಿ ಟ್ಯಾಂಕಿನಿಂದಲೂ ಪ್ರತಿದಿನ ನೀರು ಬಿಡಬೇಕು. ಮೊದಲ ಕಾಗದದಲ್ಲಿ ಅದನ್ನು ಬರೆಯಲು ಮರೆತಿದ್ದೆ.

ಈಗ ನಾನು ಒಂದು ಕೇಳುತ್ತೇನೆ. ಮೆಕ್ಯಾನಿಕ್ ಆಗಿ ಕೇಳುತ್ತಿದ್ದೇನೆ.

೧೯೮೯ರ ನವೆಂಬರ್‌ನಲ್ಲಿ ನಾವು ಉಪ್ಶಿ ಬಿಟ್ಟ ಬೆಳಿಗ್ಗೆ ಮನೆಯ ಸಾಮಾನು ಸಾಗಿಸಲು ನಿಮ್ಮ ಲಾರಿ ಕೇಳಿಕೊಂಡು ಬಂದಿದ್ದೆ. ಸ್ಟಾರ್ಟ್ ಆಗುತ್ತಿಲ್ಲ ಎಂದಿರಿ. ಅದಕ್ಕೆ ಎರಡು ವಾರ ಮುಂಚೆ ಆ ಲಾರಿಯನ್ನು ಚಳಿಗೆ ಸಿದ್ಧ ಮಾಡಿದ್ದವನು ನಾನೇ. ಊರು ನಮ್ಮೊಂದಿಗೆ ಮಾತು ಬಿಟ್ಟ ಮೇಲೂ ಹಿತ್ತಿಲಿನಿಂದ ಬಂದು ಮಾಡಿಕೊಟ್ಟಿದ್ದೆ. ಹಾಗಾದರೆ ಎಲ್ಲಿ ತಪ್ಪಿತು? ಪಂಪೇ, ಬ್ಯಾಟರಿಯೇ, ನಾಜಲ್ಲೇ? ನಾಲ್ಕು ವರ್ಷದಿಂದ ಬೇರೆಯವರ ಲಾರಿ ಕೆಳಗೆ ಮಲಗಿದಾಗಲೆಲ್ಲ ಇದನ್ನೇ ಹುಡುಕುತ್ತೇನೆ. ನನ್ನ ಕೆಲಸದಲ್ಲಿ ತಪ್ಪಿದ್ದರೆ ನನಗೆ ಗೊತ್ತಾಗಬೇಕು.

ರುಕಿಯಾ ಇದ್ದಾಳೆ. ಆವತ್ತು ಬಸ್ಸಿನ ಮೇಲೆ ಸಾಮಾನಿನ ಜೊತೆ ಕೂತು ಬಂದದ್ದು ಅವಳ ಎದೆಗೆ ಹಿಡಿಯಿತು. ನವೆಂಬರ್ ಬಂದರೆ ಈಗಲೂ ಕೆಮ್ಮು ಶುರುವಾಗುತ್ತದೆ.

ಬಾಕಿರ್

~

ಉಪ್ಶಿ
೧೨ ಡಿಸೆಂಬರ್

ಅಚೋ,

ಮನೆಯಲ್ಲಿ ಲೋಸರ್ ಹಬ್ಬದ ಗಡಿಬಿಡಿ. ಛೋರೊಲ್ ಹಿಟ್ಟು ನಾದುತ್ತಿದ್ದಾಳೆ. ನಾನು ಲಾರಿಯೊಳಗೆ ಕೂತು ಬರೆಯುತ್ತಿದ್ದೇನೆ. ನಾಲ್ಕು ದಿನದಲ್ಲಿ ಎರಡು ಸಲ ಬರೆದು ಹರಿದೆ.

ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ.

ನೀವು ಬಾಗಿಲಲ್ಲಿ ನಿಂತಿದ್ದಿರಿ, ತಲೆಗೆ ಆ ಕಂದು ಮಫ್ಲರ್ ಸುತ್ತಿಕೊಂಡು. "ನೋನೊ, ಲಾರಿ ತೆಗೀತೀಯಾ? ಕಾರ್ಗಿಲ್‌ವರೆಗೂ ಬೇಡ, ಖಾಲ್ಸಿವರೆಗೆ ಬಿಟ್ರೂ ಸಾಕು. ರುಕಿಯಾಗೆ ಜ್ವರ ಇದೆ" ಎಂದಿರಿ. ನೋಡ್ತೀನಿ ಎಂದು ನಾನು ಲಾರಿ ಹತ್ತಿದೆ. ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತೆ. ಎಷ್ಟು ಹೊತ್ತು ಕೂತೆನೋ. ಇಳಿದು ಬಂದು, "ಸ್ಟಾರ್ಟ್ ಆಗ್ತಿಲ್ಲ ಅಚೋ" ಎಂದೆ. "ನಾನು ಒಂದ್ಸಲ ನೋಡ್ಲಾ?" ಎಂದಿರಿ. ಬೇಡ ಎಂದೆ. ನೀವು ನನ್ನ ಮುಖವನ್ನೇ ನೋಡಿ, "ಸರಿ ನೋನೊ" ಎಂದು ಹೊರಟುಹೋದಿರಿ.

ನಾನು ಕೀ ಹಾಕಿರಲೇ ಇಲ್ಲ. ಅದು ನನ್ನ ಜೇಬಿನಲ್ಲಿತ್ತು.

ಆ ಬೇಸಿಗೆಯಲ್ಲಿ ನಮ್ಮ ಬೌದ್ಧರು ಮುಸ್ಲಿಮರೊಂದಿಗೆ ಮಾತು, ವ್ಯಾಪಾರ, ಅನ್ನ ನೀರು ಎಲ್ಲ ಬಿಡಬೇಕೆಂದು ಬಹಿಷ್ಕಾರ ಹಾಕಿದ್ದರು. ಊರ ಸಭೆಯಲ್ಲಿ ನಾನೂ ಸಹಿ ಮಾಡಿದ್ದೆ. ಮುರಿದವರ ಮನೆಯ ಮದುವೆಗೂ ಸಾವಿಗೂ ಯಾರೂ ಹೋಗುವುದಿಲ್ಲ ಎಂದಿತ್ತು. ಹಿತ್ತಿಲಿನಿಂದ ನಿಮ್ಮನ್ನು ಕರೆದು ಕೆಲಸ ಮಾಡಿಸಿಕೊಳ್ಳುವ ಧೈರ್ಯವಿತ್ತು. ಹಗಲು ಬೆಳಕಿನಲ್ಲಿ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರ ನಡುವೆ ಹೋಗುವ ಧೈರ್ಯವಿರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇರಲಿ ಎಂದು ಎಷ್ಟೋ ಹುಡುಕಿದೆ. ಇಲ್ಲ.

ಅದೇ ದಿನ ಮಧ್ಯಾಹ್ನ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆ ಸದ್ದು ಕೇಳಲಾರದೆ ನಿಲ್ಲಿಸಿಬಿಟ್ಟೆ. ಆಮೇಲೆ ಯಾವ ಚಳಿಗಾಲದಲ್ಲೂ ಅದನ್ನು ಎಬ್ಬಿಸಲಿಲ್ಲ. ಡೀಸೆಲ್ ಉಳಿಸುತ್ತಿದ್ದಾನೆ ಎಂದು ಜನ ಅಂದುಕೊಂಡರು.

ಇದನ್ನು ಛೋರೊಲ್‌ಗೂ ಹೇಳಿಲ್ಲ.

ಗುರ್ಮೆತ್

~

ಉಪ್ಶಿ
೮ ಜನವರಿ ೧೯೯೪

ಅಚೋ,

ನಿಮ್ಮ ಉತ್ತರ ಬರಲಿಲ್ಲ. ಬರುತ್ತದೆ ಎಂದು ನಾನೂ ಕಾದಿರಲಿಲ್ಲ. ಆದರೂ ಬಸ್ಸು ಬಂದಾಗಲೆಲ್ಲ ರಸ್ತೆಗೆ ಹೋಗಿ ನಿಂತೆ.

ಮೇಲೆ ಮೂರು ದಿನ ಬಿಡದೆ ಹಿಮ ಬಿದ್ದಿದೆ. ಮೇಲಿನ ಮಾಹೆ ಊರಿನ ಸೈನಿಕರ ವೈರ್‌ಲೆಸ್‌ನಲ್ಲಿ ಸಂಘಕ್ಕೆ ಸುದ್ದಿ ಬಂತು: ಹದಿನಾಲ್ಕು ಮನೆಯವರು ಸುಮ್ದೊ ಹತ್ತಿರ ಸಿಕ್ಕಿಬಿದ್ದಿದ್ದಾರೆ. ಅಲ್ಲಿಂದ ಕುದುರೆಯ ಮೇಲೆ ಇಳಿದು ಬಂದವನೊಬ್ಬ ಯಾಂಗ್ಡೋಲ್ ಹೇಳಿಕಳಿಸಿದ್ದನ್ನು ನನಗೆ ತಿಳಿಸಿದ. "ಆಬಾಗೆ ಹೇಳಿ, ಆಡುಗಳು ಒಂದರ ಮೈಕೂದಲು ಇನ್ನೊಂದು ಕಿತ್ತು ತಿನ್ತಿವೆ." ಅಷ್ಟೇ ಹೇಳಿದಳಂತೆ. ತಾನು ಹೇಗಿದ್ದೇನೆ ಎಂದು ಹೇಳಿಲ್ಲ. ಇನ್ನೊಮ್ಮೆ ಕೇಳಿದೆ. ಅವನು ತಲೆ ಅಲ್ಲಾಡಿಸಿದ. ಆ ತಲೆ ಅಲ್ಲಾಡಿಸಿದ್ದಕ್ಕೆ ಏನರ್ಥ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ಹದಿನಾರನೇ ತಾರೀಖು ಹೊರಡುತ್ತೇನೆ, ಅದಕ್ಕೆ ಮೊದಲು ಸೈನಿಕರು ರಸ್ತೆಯ ಹಿಮ ತೆಗೆದು ಮುಗಿಸುವುದಿಲ್ಲ. ಲೇಹ್‌ನಿಂದ ಮೇವು ತುಂಬಿಕೊಂಡು ಬಂದಾಗಿದೆ. ಸಂಘದವರು ಎರಡು ಡ್ರಮ್ ಡೀಸೆಲ್ ಕೊಟ್ಟರು, ಆಗಸ್ಟ್‌ನಲ್ಲಿ ಮೇಲೆ ಬಂದದ್ದು. ಟ್ಯಾಂಕ್ ತುಂಬಿಸಿದ್ದೇನೆ. ಸೀಮೆಎಣ್ಣೆಯ ಡಬ್ಬಿ ಬೇರೆ ಇಟ್ಟುಕೊಂಡಿದ್ದೇನೆ. ಚುಮಾಥಾಂಗ್ ದಾಟಿ ಚಳಿ ಏರಿದ ಮೇಲೆ ಟ್ಯಾಂಕಿಗೆ ಸೇರಿಸುತ್ತೇನೆ. ಇದು ಸರಿಯೇ? ನೀವು ಸೀಮೆಎಣ್ಣೆ ಹಾಕುತ್ತಿದ್ದ ನೆನಪಿದೆ, ಯಾವಾಗ ಎಂದು ನೆನಪಿಲ್ಲ.

ನೀವು ಬರೆಯದಿದ್ದರೂ ಹೇಗೋ ನಡೆಯುತ್ತದೆ. ಇಲ್ಲ, ನಡೆಯುವುದಿಲ್ಲ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಇದೊಂದನ್ನು ಹೇಳಿ. ಈ ಕಾಗದವನ್ನು ಅಂಚೆಗೆ ಹಾಕದೆ ಕಾರ್ಗಿಲ್ ಬಸ್ಸಿನ ಡ್ರೈವರ್ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ಗುರ್ಮೆತ್

~

ಕಾರ್ಗಿಲ್
೧೩ ಜನವರಿ

ನೋನೊ,

ನೀನು ಕತ್ತೆ. ಸೀಮೆಎಣ್ಣೆಯನ್ನು ಚಳಿ ಬಂದ ಮೇಲೆ ಹಾಕುವುದಲ್ಲ. ಬೇಸಿಗೆಯ ಡೀಸೆಲ್ ಆ ಚಳಿಗೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ನೀನು ಸೀಮೆಎಣ್ಣೆಯ ಸಮುದ್ರವನ್ನೇ ಸುರಿದರೂ ಅದು ಮೇಲೆ ನಿಲ್ಲುತ್ತದೆ, ಬೆರೆಯುವುದಿಲ್ಲ. ಹೊರಡುವ ಮೊದಲು, ಮಧ್ಯಾಹ್ನದ ಬಿಸಿಲಿನಲ್ಲಿ ಮಾಡು. ಅರ್ಧ ಡೀಸೆಲ್ ಕೆಳಗೆ ಇಳಿಸು. ನಾಲ್ಕು ಡಬ್ಬಿ ಡೀಸೆಲ್‌ಗೆ ಒಂದು ಡಬ್ಬಿ ಸೀಮೆಎಣ್ಣೆಯ ಲೆಕ್ಕದಲ್ಲಿ ಮೊದಲು ಸೀಮೆಎಣ್ಣೆ ಸುರಿದು, ಮೇಲೆ ಡೀಸೆಲ್ ವಾಪಸ್ ಹಾಕು. ಆಮೇಲೆ ಎಂಜಿನ್ ಓಡಿಸಿ ಪೈಪು, ಫಿಲ್ಟರ್, ಪಂಪಿಗೆಲ್ಲ ಆ ಬೆರಕೆ ಹೋಗಲು ಬಿಡು.

ಈ ಕಾಗದ ಸಿಗುವ ಮೊದಲೇ ನೀನು ಹೊರಟಿದ್ದರೆ, ದಾರಿಯಲ್ಲಿ ಎಂಜಿನ್ ಕೆಮ್ಮಿ ನಿಂತರೆ, ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೊಲ್ಲಬೇಡ. ನಿಂತ ತಕ್ಷಣ ರೇಡಿಯೇಟರ್ ಖಾಲಿ ಮಾಡು, ಎರಡೂ ನಲ್ಲಿ. ತೊಂದರೆ ಫಿಲ್ಟರ್‌ನಲ್ಲಿ ಮತ್ತು ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಇರುತ್ತದೆ. ಫಿಲ್ಟರ್ ಬಿಚ್ಚಿ ಬಿಸಾಕಿ ಹೊಸದು ಹಾಕು. ಅದರ ಬಟ್ಟಲಿಗೆ ಬರೀ ಸೀಮೆಎಣ್ಣೆ ತುಂಬು. ಪೈಪಿಗೆ ಉದ್ದಕ್ಕೂ ಬಟ್ಟೆ ಸುತ್ತಿ ಬಿಸಿನೀರು ಹುಯ್ಯಿ. ಅಲ್ಲಿ ಎಷ್ಟು ಬಿಸಿ ಇದ್ದರೂ ಪರವಾಗಿಲ್ಲ, ಎಂಜಿನ್‌ಗೆ ಮಾತ್ರ ಕೈ ತಡೆಯುವಷ್ಟೇ. ಟ್ಯಾಂಕಿನ ಕೆಳಗೆ ಬೂದಿ ಮುಚ್ಚಿದ ಕೆಂಡ ಇಡು, ಒಂದು ಕಿಡಿಯೂ ಹಾರಬಾರದು. ಆಮೇಲೆ ಕೈಪಂಪು ಒತ್ತಿ ಒತ್ತಿ ಪೈಪಿನ ಗಾಳಿ ತೆಗೆ. ಇದಕ್ಕೆಲ್ಲ ಅರ್ಧ ದಿನ ಬೇಕು. ಅವಸರ ಮಾಡಬೇಡ. ಅವಸರ ಮಾಡಿದರೆ ನೀನು ಯಾವಾಗಲೂ ಬೋಲ್ಟಿನ ತಿರುಪು ಕೆಡಿಸುತ್ತೀಯ.

ನಿನ್ನ ಡಿಸೆಂಬರ್ ಕಾಗದದ ಬಗ್ಗೆ ಈಗ ಬರೆಯುವುದಿಲ್ಲ.

ಕೈಗವಸು ಎರಡು ಜೊತೆ ಹಾಕಿಕೊ. ಬರಿಗೈಯಲ್ಲಿ ಕಬ್ಬಿಣ ಮುಟ್ಟಬೇಡ.

ಬಾಕಿರ್

~

ಉಪ್ಶಿ
೨೧ ಜನವರಿ

ಅಚೋ ಬಾಕಿರ್ ಅವರಿಗೆ ಛೋರೊಲ್ ಮಾಡುವ ಜೂಲೆ.

ನಿಮ್ಮ ಕಾಗದ ಹದಿನೆಂಟಕ್ಕೆ ಬಂತು. ಅವರು ಹದಿನಾರಕ್ಕೇ ಹೊರಟುಹೋಗಿದ್ದರು. ಕಾಗದ ಬಿಚ್ಚಬಾರದಿತ್ತು, ಬಿಚ್ಚಿದೆ. ಓದಿ ಕೂಡಲೇ ಸಂಘಕ್ಕೆ ಓಡಿದೆ. ಹತ್ತೊಂಬತ್ತಕ್ಕೆ ಸಂಘದ ಜೀಪು ಔಷಧಿ ತೆಗೆದುಕೊಂಡು ಆ ಕಡೆ ಹೋಗುವುದಿತ್ತು. ಡ್ರೈವರ್ ಕೈಗೆ ಕಾಗದ ಕೊಟ್ಟು, ಅವರನ್ನು ಕಾಣುವವರೆಗೆ ಜೇಬಿನಿಂದ ತೆಗೆಯಬೇಡ ಎಂದು ಆಣೆ ಹಾಕಿಸಿದೆ.

ಹದಿನೇಳರ ಸಂಜೆ ಚುಮಾಥಾಂಗ್‌ನಲ್ಲಿ ಲಾರಿ ನೋಡಿದವರಿದ್ದಾರೆ. ಅಲ್ಲಿಂದಾಚೆ ಸುದ್ದಿಯಿಲ್ಲ. ವೈರ್‌ಲೆಸ್ ಕೇಳೋಣ ಎಂದರೆ ಕೆಟ್ಟಿದೆಯಂತೆ. ಇಲ್ಲಿ ನಮ್ಮ ಅಂಗಳದಲ್ಲೇ ತೆರೆದಿಟ್ಟ ಎಣ್ಣೆ ಮೇಣದ ಹಾಗೆ ಆಗಿದೆ. ಅಲ್ಲಿ ಹೇಗಿರಬಹುದು?

ನಿಮ್ಮಿಬ್ಬರ ನಡುವೆ ಏನು ನಡೆದಿದೆ ಎಂದು ಅವರು ನನಗೆ ಹೇಳಿಲ್ಲ. ಆದರೆ ನೀವು ಊರು ಬಿಟ್ಟ ಬೆಳಿಗ್ಗೆ ನಾನು ಅಡುಗೆಮನೆಯ ಕಿಟಕಿಯಲ್ಲೇ ನಿಂತಿದ್ದೆ. ಸೆಲ್ಫ್ ಸದ್ದು ನನಗೆ ಕೇಳಿರಲಿಲ್ಲ. ನಾನೂ ಏನೂ ಹೇಳಲಿಲ್ಲ.

ಮನೆಯಲ್ಲಿ ಒಬ್ಬಳೇ ಇದ್ದೇನೆ. ಯಾರಿಗೆ ಬರೆಯಬೇಕೆಂದು ತೋಚದೆ ನಿಮಗೆ ಬರೆದೆ.

ಛೋರೊಲ್

~

ಉಪ್ಶಿ
೮ ಫೆಬ್ರವರಿ

ಅಚೋ,

ಬದುಕಿದ್ದೇನೆ. ಯಾಂಗ್ಡೋಲ್ ಬದುಕಿದ್ದಾಳೆ. ಬಲಗೈಯ ಎರಡು ಬೆರಳಿನ ತುದಿ ಕಪ್ಪಾಗಿರುವುದರಿಂದ ಬರೆಯುವುದು ನಿಧಾನ.

ಸುಮ್ದೊಗೆ ಇನ್ನು ಆರೇಳು ಮೈಲಿ ಇರುವಾಗ, ಹದಿನೆಂಟರ ಬೆಳಿಗ್ಗೆ ಏರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ನಿಂತಿತು. ಸೀಮೆಎಣ್ಣೆ ಮೇಲಿಂದ ಸುರಿದೆ. ಸೆಲ್ಫ್ ಹೊಡೆದೆ. ನೀವು ಮಾಡಬೇಡ ಎಂದದ್ದನ್ನೆಲ್ಲ ನಿಮ್ಮ ಕಾಗದ ಬರುವ ಮುಂಚೆಯೇ ಮಾಡಿ ಮುಗಿಸಿದ್ದೆ. ಒಂದು ಬ್ಯಾಟರಿ ಸತ್ತಿತು. ಎರಡೂ ನಲ್ಲಿ ಬಿಟ್ಟು ನೀರು ಇಳಿಸಿದ್ದೊಂದೇ ಬುದ್ಧಿವಂತಿಕೆ. ಹತ್ತಿರದಲ್ಲಿ ಕುರುಬರ ಖಾಲಿ ಕಲ್ಲುಮನೆಯಿತ್ತು. ಉಳಿದ ಬ್ಯಾಟರಿ ಒಳಗೆ ತಂದು, ಮೇವಿನ ಮೂಟೆ ಸುತ್ತ ಒಟ್ಟಿಕೊಂಡು, ಆಡುಗಳಿಗೆಂದು ತಂದ ಹುಲ್ಲಿನ ನಡುವೆ ಮಲಗಿದೆ. ಮೇವು ಇಲ್ಲಿದೆ, ಆಡುಗಳು ಅಲ್ಲಿವೆ, ನಡುವೆ ಆರೇಳು ಮೈಲಿ. ಹಗಲೆಲ್ಲ ಅದೊಂದೇ ಯೋಚನೆ.

ಇಪ್ಪತ್ತಕ್ಕೆ ಜೀಪು ಬಂತು. ಡ್ರೈವರ್ ಇಳಿದವನೇ, "ಮೊದಲು ಈ ಕಾಗದ ತಗೊ ಮಾರಾಯ, ಇಲ್ದಿದ್ರೆ ನಿನ್ನ ಹೆಂಡತಿ ನನ್ನ ಚರ್ಮ ಸುಲೀತಾಳೆ" ಎಂದ. ಬಾನೆಟ್ ಮೇಲೆ ಹರಡಿ ಓದಿದೆ. ನೀವು ನನ್ನನ್ನು ಕತ್ತೆ ಎಂದಿದ್ದಿರಿ. ನಾಲ್ಕು ವರ್ಷದಲ್ಲಿ ಅಷ್ಟು ಒಳ್ಳೆಯ ಮಾತು ಕೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಡ್ರೈವರ್ ಹೆದರಿ, "ಯಾರು ಹೋದ್ರು?" ಎಂದು ಕೇಳಿದ.

ಜೀಪು ಮುಂದೆ ಹೋಗಿ ಡೇರೆಗಳಿಗೆ ಸುದ್ದಿ ಮುಟ್ಟಿಸಿತು. ಮರುದಿನ ಯಾಂಗ್ಡೋಲ್, ಅವಳ ಗಂಡ, ಇನ್ನೂ ಮೂವರು ಕುದುರೆಗಳ ಮೇಲೆ ಬಂದರು, ಜೀಪೂ ವಾಪಸ್ ಬಂತು. ಪೂಗಾದ ಬಿಸಿನೀರಿನ ಊಟೆಯಿಂದ ಕ್ಯಾನುಗಳಲ್ಲಿ ನೀರು ತುಂಬಿ, ಕಂಬಳಿ ಸುತ್ತಿ ತಂದಿದ್ದರು. ಅವಳ ಮುಖ ಸುಟ್ಟು ಕಪ್ಪಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ನೋಡಿ, "ಆಬಾ, ಇಷ್ಟು ದೂರ ಬಂದು ಇಲ್ಲಿ ಮಲಗಿದ್ದೀಯಲ್ಲ" ಎಂದಳು. ಬೈದಳೋ ನಕ್ಕಳೋ ಗೊತ್ತಾಗಲಿಲ್ಲ.

ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳು ಒಂದೊಂದೇ ಸಾಲು ಗಟ್ಟಿಯಾಗಿ ಓದುವಳು, ನಾವು ಮಾಡುವೆವು. ನಾನು ಬೋಲ್ಟ್ ಬಿಗಿಯುವಾಗ, "ಅವಸರ ಮಾಡಬೇಡ ಅಂತ ಬರೆದಿದ್ದಾರೆ ಆಬಾ" ಎಂದು ತಡೆಯುವಳು. ಕೈಗವಸು ತೆಗೆದು ಫಿಲ್ಟರ್ ಹಾಕಿದೆ. ಅದೊಂದರಲ್ಲಿ ಮಾತ್ರ ನಿಮ್ಮ ಮಾತು ಮೀರಿದೆ. ಬೆರಳು ಕಪ್ಪಾದದ್ದು ಅದಕ್ಕೇ. ರೇಡಿಯೇಟರ್‌ಗೆ ಹಾಕಲು ಉಳಿದ ನೀರಿಗೆ ಅವಳು ಕೈ ಅದ್ದಿ ಹತ್ತು ಎಣಿಸಿ, "ಹಾಕಬಹುದು" ಎಂದಳು. ದಾರಿಯಲ್ಲಿ ಆರಿ ಆರಿ ಸರಿಯಾದ ಹದಕ್ಕೆ ಬಂದಿತ್ತು.

ಉಳಿದ ಒಂದು ಬ್ಯಾಟರಿಗೆ ಜೀಪಿನದನ್ನು ಸೇರಿಸಿ ಕೀ ತಿರುಗಿಸಿದೆ. ಒಂದು, ಎರಡು, ಮೂರು ಸಲ ಬರೀ ಬಿಳಿ ಹೊಗೆ. ನಾಲ್ಕನೇ ಸಲ ಮೊದಲು ಎರಡು ಸಿಲಿಂಡರ್ ಹಿಡಿದವು, ಆಮೇಲೆ ಆರೂ. ಕುದುರೆಗಳು ಬೆದರಿ ಹಿಂದಕ್ಕೆ ಓಡಿದವು. ಯಾಂಗ್ಡೋಲ್ ಅವುಗಳ ಹಿಂದೆ ಓಡಿದಳು.

ಮೇವು ಮುಟ್ಟಿತು. ಅವಳ ಮನೆಯ ಇನ್ನೂರ ನಲವತ್ತು ಆಡುಗಳಲ್ಲಿ ತೊಂಬತ್ತಾರು ಅಷ್ಟರಲ್ಲಿ ಸತ್ತಿದ್ದವು. ನಾನು ಮೂರು ದಿನ ಮುಂಚೆ ಹೋಗಿದ್ದರೆ ಎಷ್ಟು ಉಳಿಯುತ್ತಿದ್ದವು ಎಂದು ಅವಳ ಮಾವ ಕೇಳಲಿಲ್ಲ. ಟೀ ಕೊಟ್ಟರು.

ಮತ್ತೆ ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ಫೆಬ್ರವರಿ ಎರಡಕ್ಕೆ ಮನೆ ತಲುಪಿದೆ. ಛೋರೊಲ್ ಬಾಗಿಲಲ್ಲಿ ನಿಂತು, "ಅಚೋ ಈಗಷ್ಟೇ ಬಸ್ ಹತ್ತಿದ್ರು" ಎಂದಳು. ನೀವು ಒಂಬತ್ತು ದಿನ ನನ್ನ ಮನೆಯಲ್ಲಿದ್ದು, ನಾನು ಬರುವ ಹೊತ್ತಿಗೆ ಹೊರಟುಹೋದಿರಿ. ರಸ್ತೆಗೆ ಓಡಿದೆ. ಬಸ್ಸಿನ ಧೂಳು ಕಂಡಿತು. ಯಾಕೆ ಅಚೋ? ಇನ್ನೊಂದು ಕಾಲು ಗಂಟೆ ಕಾಯಲಿಲ್ಲ ಯಾಕೆ?

ಗುರ್ಮೆತ್

~

ಕಾರ್ಗಿಲ್
೨೨ ಫೆಬ್ರವರಿ

ನೋನೊ,

ಮೊದಲು ಬೆರಳಿನ ವಿಷಯ. ಉಜ್ಜಬೇಡ, ಒಲೆಗೆ ಹಿಡಿಯಬೇಡ. ಲೇಹ್ ಆಸ್ಪತ್ರೆಗೆ ಹೋಗು. ಛೋರೊಲ್‌ಗೂ ಬೇರೆ ಬರೆದಿದ್ದೇನೆ, ಯಾಕೆಂದರೆ ನೀನು ಹೋಗುವವನಲ್ಲ.

ಛೋರೊಲ್ ಕಾಗದ ಬಸ್ಸಿನವನ ಕೈಯಲ್ಲಿ ಎರಡೇ ದಿನಕ್ಕೆ ಬಂದಾಗ ನಾನು ಒಂದು ಗೇರ್‌ಬಾಕ್ಸ್ ಬಿಚ್ಚಿ ಹರಡಿದ್ದೆ. ಅದನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ. ಉಪ್ಶಿ ಮುಟ್ಟಿದ ಮೇಲೆ ಮುಂದಕ್ಕೆ ಗಾಡಿ ಸಿಗಲಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಕೂತೆ. ಒಂಬತ್ತು ದಿನ ನೀನು ಯಾವ ಯಾವ ರೀತಿಯಲ್ಲಿ ಸತ್ತಿರಬಹುದು ಎಂದು ಎಣಿಸಿದೆ. ಟ್ಯಾಂಕಿಗೆ ಕೆಂಡ ಇಡು ಎಂದು ಬರೆದವನು ನಾನು. ಕಿಡಿ ಹಾರಿದ್ದರೆ? ನನ್ನ ಕಾಗದವೇ ನಿನ್ನನ್ನು ಸುಟ್ಟಿದ್ದರೆ? ಛೋರೊಲ್ ಊಟ ಬಡಿಸುವಳು, ಇಬ್ಬರೂ ತಟ್ಟೆ ನೋಡುತ್ತ ಕೂರುವೆವು. ಪಕ್ಕದ ಮನೆಯ ಮುದುಕಿ, ನಮ್ಮ ಬಾಗಿಲಿಗೆ ನಾಲ್ಕು ವರ್ಷದ ಹಿಂದೆ ಬೆನ್ನು ತಿರುಗಿಸಿದ್ದವಳು, ದಿನಾ ಬಂದು ನನ್ನ ಎದುರು ಕೂತು ತನ್ನ ಮೊಣಕಾಲು ನೋವು ಹೇಳಿಕೊಂಡಳು. ಬೇರೇನೂ ಹೇಳಲಿಲ್ಲ. ನಾನೂ ಮೊಣಕಾಲಿನ ಬಗ್ಗೆಯೇ ಉತ್ತರ ಕೊಟ್ಟೆ.

ಎರಡನೇ ತಾರೀಖು ಮಧ್ಯಾಹ್ನ ನದಿಯ ತಿರುವಿನಾಚೆ ನಿನ್ನ ಲಾರಿಯ ಸದ್ದು ಕೇಳಿತು. ಛೋರೊಲ್‌ಗೆ ಇನ್ನೂ ಕೇಳಿರಲಿಲ್ಲ. ಆರೂ ಸಿಲಿಂಡರ್ ಸರಿಯಾಗಿ ಉರಿಯುತ್ತಿದ್ದವು. ಗೇರ್ ಇಳಿಸುವಾಗ ನೀನು ಇಂದಿಗೂ ಕ್ಲಚ್ ಪೂರ್ತಿ ಒತ್ತುವುದಿಲ್ಲ. ನೀನೇ ಎಂದು ಅದರಿಂದ ಗೊತ್ತಾಯಿತು.

ನೀನು ಬದುಕಿದ್ದೀಯ ಎಂದು ಖಾತ್ರಿಯಾದ ಕೂಡಲೇ ನನಗೆ ಸಿಟ್ಟು ಬಂತು. ಆ ಒಂಬತ್ತು ದಿನ ಅದು ಎಲ್ಲಿತ್ತೋ ಗೊತ್ತಿಲ್ಲ. ಡಿಸೆಂಬರ್‌ನಲ್ಲಿ ನಿನ್ನ ಕಾಗದ ಓದಿದಾಗ ಇದ್ದಷ್ಟೇ ಹೊಸದಾಗಿ ವಾಪಸ್ ಬಂತು. ನಾಲ್ಕು ವರ್ಷ ನನ್ನ ಕೈಯನ್ನೇ ನಾನು ಅನುಮಾನಿಸಿದ್ದೇನೆ ನೋನೊ. ಬೇರೆಯವರ ಲಾರಿ ಸಿದ್ಧ ಮಾಡಿಕೊಟ್ಟು, ಮತ್ತೆ ಕರೆಸಿ, ಮತ್ತೆ ಬಿಚ್ಚಿ ನೋಡಿದ್ದೇನೆ. ಜನ ನನ್ನನ್ನು ಅರೆಹುಚ್ಚ ಎಂದರು. ಆ ಸಿಟ್ಟು ಇಟ್ಟುಕೊಂಡು ನಿನ್ನನ್ನು ಅಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ, ಸಾವಿನ ಬಾಯಿಂದ ಬಂದವನನ್ನು ಅಂಗಳದಲ್ಲೇ ಬೈಯುವುದೂ ಆಗಲಿಲ್ಲ. ಬಸ್ಸು ನಿಂತಿತ್ತು. ಹತ್ತಿದೆ.

ಮನೆಗೆ ಬಂದು ರುಕಿಯಾಗೆ ಎಲ್ಲ ಹೇಳಿದೆ. ನಿನ್ನ ಡಿಸೆಂಬರ್ ಕಾಗದ ಅಲ್ಲಿಯವರೆಗೆ ಅವಳಿಗೆ ತೋರಿಸಿರಲಿಲ್ಲ. ಓದಿಸಿಕೊಂಡಳು. ಯಾಂಗ್ಡೋಲ್ ಬಗ್ಗೆ ಎರಡೆರಡು ಸಲ ಕೇಳಿದಳು. ಆಮೇಲೆ, "ಕಾಗದದಲ್ಲಿ ಬರೆಯೋದು ಸುಲಭ. ಬಸ್ಸಿನ ಮೇಲೆ ಕೂತವಳು ನಾನು. ಬಂದು ನನ್ನ ಎದುರು ನಿಂತು ಹೇಳ್ಲಿ" ಎಂದಳು.

ಈಗ ಉಪವಾಸದ ತಿಂಗಳು. ಈದ್ ಮಾರ್ಚ್ ನಡುವಿಗೆ ಬರುತ್ತದೆ. ಅದು ಕಳೆದ ಮೇಲೆ, ಬೆರಳು ವಾಸಿಯಾಗಿದ್ದರೆ ಬಾ. ನಮ್ಮ ಮನೆ ಬಾರೂವಿನ ಮಸೀದಿ ದಾಟಿ ಎಡಕ್ಕೆ ಮೂರನೆಯದು. ಲಾರಿ ಓಣಿಯೊಳಗೆ ಬರುವುದಿಲ್ಲ, ರಸ್ತೆಯಲ್ಲಿ ನಿಲ್ಲಿಸಿ ನಡೆದು ಬರಬೇಕು.

ನೀನು ಹೇಳುವುದನ್ನು ರುಕಿಯಾ ಪೂರ್ತಿ ಕೇಳುತ್ತಾಳೆ. ಆಮೇಲೆ ಕೂತ್ಕೊ ಅನ್ನುತ್ತಾಳೋ, ಹೊರಡು ಅನ್ನುತ್ತಾಳೋ ನನಗೆ ಗೊತ್ತಿಲ್ಲ. ಯಾವುದಾದರೂ ನಾನು ಅವಳ ಮಾತು ಮೀರುವುದಿಲ್ಲ. ಆದರೆ ನೀನು ಹೇಳಿ ಮುಗಿಸುವವರೆಗೆ ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ.

ನಿನ್ನ ಅಚೋ,
ಬಾಕಿರ್